ಐಡಿ ಯಾವುದಕ್ಕೆ, ಕ್ಲಾಸ್ ಯಾವುದಕ್ಕೆ: ಆಟದ ಪಟ್ಟಿಯ ಪುಟವೊಂದನ್ನು ಕಟ್ಟುತ್ತಾ

ಉಡುಪಿ ಕಡೆಯ ಒಂದು ಯಕ್ಷಗಾನ ಮೇಳಕ್ಕೆ ತಿಂಗಳ ಆಟಗಳ, ಅಂದರೆ ಪ್ರದರ್ಶನಗಳ, ಪಟ್ಟಿಯನ್ನು ವೆಬ್ ಪುಟವಾಗಿ ಮಾಡಿಕೊಟ್ಟಿದ್ದೆ. ಒಂದೊಂದು ರಾತ್ರಿಯ ಆಟಕ್ಕೆ ಒಂದೊಂದು ಕಾರ್ಡು. ಅದರಲ್ಲಿ ತಾರೀಕು, ಊರು, ಪ್ರಸಂಗ, ಆಡಿಸುವವರ ಹೆಸರು. ಕೆಳಗೆ ವಾಟ್ಸಾಪ್‌ನಲ್ಲಿ ಕಳಿಸಲು ಒಂದು ಬಟನ್. ಪುಟ ಹಾಕಿದ ನಾಲ್ಕನೇ ದಿನಕ್ಕೆ ಮೇಳದ ಮ್ಯಾನೇಜರರ ಫೋನ್ ಬಂತು.

"ಮಾರಾಯ್ರೆ, ಯಾವ ಲಿಂಕ್ ಒತ್ತಿದ್ರೂ ಒಂದನೇ ತಾರೀಕಿನ ಆಟವೇ ಬರ್ತದಲ್ಲ? ಹರಕೆಯವರು ಬೊಂಬಾಯಿಯಲ್ಲಿರುವ ಮಗನಿಗೆ ಕಳಿಸಿದ್ದಾರೆ. ಅವ ಕೇಳ್ತಾನಂತೆ, ಅಪ್ಪ, ಇದು ಯಾರ ಮನೆ ಆಟ ಅಂತ."

ತಪ್ಪು ನನ್ನದೇ. ಒಂದು ಕಾರ್ಡು ಬರೆದು, ಅದನ್ನೇ ಮೂವತ್ತು ಸಲ ಕಾಪಿ ಮಾಡಿ, ಒಳಗಿನ ಊರು, ಪ್ರಸಂಗ ಬದಲಾಯಿಸಿದ್ದೆ. ಕಾರ್ಡಿಗೆ ಗುರುತಾಗಿ ಕೊಟ್ಟಿದ್ದ ಹೆಸರು, ಅಂದರೆ ಐಡಿ, ಮಾತ್ರ ಮೂವತ್ತರಲ್ಲೂ "ಆಟ" ಎಂದೇ ಉಳಿದಿತ್ತು. ಒಂದೇ ಐಡಿ ಹಲವು ಕಡೆ ಕಂಡಾಗ ಬ್ರೌಸರ್ ದೂರು ಹೇಳುವುದಿಲ್ಲ, ಪುಟವನ್ನೂ ಕೆಡಿಸುವುದಿಲ್ಲ. ಮೇಲಿನಿಂದ ಹುಡುಕುತ್ತಾ ಬಂದು ಮೊದಲು ಸಿಕ್ಕಿದ್ದರ ಹತ್ತಿರ ನಿಂತುಬಿಡುತ್ತದೆ. ಹಾಗಾಗಿ ಎಲ್ಲ ಲಿಂಕುಗಳೂ ಒಂದನೇ ತಾರೀಕಿಗೆ ಹೋಗುತ್ತಿದ್ದವು. ಮನೆಯವರು ವರ್ಷಗಟ್ಟಲೆ ಕಾದು ಆಡಿಸುವ ಹರಕೆ ಆಟ ಅದು. ಅದರ ಆಮಂತ್ರಣ ಬೇರೆಯವರ ಅಂಗಳಕ್ಕೆ ಕರೆದುಕೊಂಡು ಹೋದರೆ ಆಗುವ ಬೇಸರ ಸಣ್ಣದಲ್ಲ. ಆ ಪುಟವನ್ನು ಮತ್ತೆ ಮೊದಲಿನಿಂದ ಕಟ್ಟಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಅಂಗಡಿಯ ದರಪಟ್ಟಿ ಮಾಡುವವರಾದರೂ, ಹೋಂಸ್ಟೇಯ ಪುಟ ಮಾಡುವವರಾದರೂ ಕ್ರಮ ಇದೇ.

ಮುಂಚೆಯೇ ಒಂದು ಮಾತು. ಪುಟದ ಒಂದೊಂದು ಭಾಗವನ್ನು (ಎಲಿಮೆಂಟನ್ನು) ಶುರು ಮಾಡುವ ಟ್ಯಾಗು, ಅದರೊಳಗೆ ಬರೆಯುವ ವಿವರಗಳಾದ ಆಟ್ರಿಬ್ಯೂಟುಗಳು, ಇವುಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಎಡಿಟರಿನಲ್ಲಿ ಟೈಪ್ ಮಾಡುವಾಗ ಆರ್ಟಿಕಲ್, ಐಡಿ, ಕ್ಲಾಸ್ ಎಂಬವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಬಸ್ಸಿನ ಬೋರ್ಡು, ಬಸ್ಸಿನ ನಂಬರು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಐಡಿ, ಕ್ಲಾಸ್ ಎಂಬ ಎರಡರ ವ್ಯತ್ಯಾಸ ಕಣ್ಣೆದುರು ಓಡಾಡುತ್ತದೆ. ಒಂದೇ ರೂಟ್ ನಂಬರಿನ ಬೋರ್ಡು ಹಾಕಿಕೊಂಡು ಒಂದರ ಹಿಂದೆ ಒಂದು ಬಸ್ಸು ಹೊರಡುತ್ತದೆ. ಸುರತ್ಕಲ್‌ಗೆ ಹೋಗಬೇಕಾದವರು ಬೋರ್ಡು ನೋಡಿ ಹತ್ತುತ್ತಾರೆ, ಬಸ್ಸು ಯಾವುದಾದರೂ ಆದೀತು. ಇಳಿಯುವಾಗ ಕೊಡೆ ಬಿಟ್ಟುಬಂದರೆ ಮಾತ್ರ ರೂಟ್ ನಂಬರು ಪ್ರಯೋಜನಕ್ಕೆ ಬರುವುದಿಲ್ಲ. ಆಗ ಬೇಕಾದದ್ದು ಕೆಎ 19 ಎಂದು ಶುರುವಾಗುವ ಆ ಒಂದು ಬಸ್ಸಿನ ನೋಂದಣಿ ಸಂಖ್ಯೆ.

ಬೋರ್ಡು ಎಂದರೆ ಕ್ಲಾಸ್. ಎಷ್ಟು ಬಸ್ಸಿಗಾದರೂ ಒಂದೇ ಬೋರ್ಡು ಹಾಕಬಹುದು, ಒಂದೇ ಬಸ್ಸಿಗೆ ರೂಟ್ ನಂಬರಿನ ಜೊತೆ "ಎಕ್ಸ್‌ಪ್ರೆಸ್" ಎಂಬ ಇನ್ನೊಂದು ಬೋರ್ಡನ್ನೂ ಹಾಕಬಹುದು. ನೋಂದಣಿ ಸಂಖ್ಯೆ ಎಂದರೆ ಐಡಿ. ಒಂದು ಬಸ್ಸಿಗೆ ಒಂದೇ, ಇನ್ನೊಂದು ಬಸ್ಸಿಗೆ ಅದೇ ಇರುವಂತಿಲ್ಲ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ನಿಯಮವೂ ಇಷ್ಟೇ: ಒಂದು ಎಲಿಮೆಂಟಿಗೆ ಒಂದೇ ಐಡಿ, ಒಂದು ಪುಟದಲ್ಲಿ ಒಂದು ಐಡಿ ಒಂದೇ ಸಲ. ಬೇರೆ ಪುಟದಲ್ಲಿ ಅದೇ ಐಡಿ ಇದ್ದರೆ ತೊಂದರೆ ಇಲ್ಲ.

ಮೊದಲು ಕ್ಲಾಸ್

ಹೊಸದಾಗಿ ಕಲಿಯುವವರು ಎಲಿಮೆಂಟ್ ಬರೆದ ಕೂಡಲೇ ಐಡಿ ಕೊಡುವುದನ್ನು ನೋಡಿದ್ದೇನೆ. ನನ್ನ ಸಲಹೆ ತಿರುಗಮುರುಗ. ಇಡೀ ಪುಟವನ್ನು ಮೊದಲು ಕ್ಲಾಸ್‌ಗಳಲ್ಲೇ ಕಟ್ಟಿ ಮುಗಿಸಿ, ಐಡಿಯ ಯೋಚನೆ ಆಮೇಲೆ.

ಆಟದ ಪಟ್ಟಿಯಲ್ಲಿ ಏನೇನು ಜಾತಿಯ ಸಂಗತಿಗಳಿವೆ ಎಂದು ಕಾಗದದ ಮೇಲೆ ಬರೆದುಕೊಂಡೆ. ಪ್ರತಿ ಕಾರ್ಡೂ ಒಂದು "ಆಟ". ಕೆಲವು ಪೂರ್ತಿ ರಾತ್ರಿಯವು, ಕೆಲವು ಕಾಲಮಿತಿ. ಕೆಲವು ಹರಕೆಯವು. ಮಳೆ ಬಂದೋ ಬೇರೆ ಕಾರಣಕ್ಕೋ ನಿಂತುಹೋದವು ಒಂದೆರಡು. ಇವೇ ಕ್ಲಾಸಿನ ಹೆಸರುಗಳು. ಕಾಲಮಿತಿಯ ಹರಕೆ ಆಟವೊಂದರ ಕಾರ್ಡು ಹೀಗೆ ಶುರುವಾಗುತ್ತದೆ:

<ಆರ್ಟಿಕಲ್ ಕ್ಲಾಸ್="ಆಟ ಕಾಲಮಿತಿ ಹರಕೆ">

ಒಂದೇ ಉದ್ಧರಣ ಚಿಹ್ನೆಯೊಳಗೆ ಮೂರು ಕ್ಲಾಸ್, ನಡುವೆ ಖಾಲಿ ಜಾಗ. ಕ್ಲಾಸ್ ಎಂಬ ಆಟ್ರಿಬ್ಯೂಟನ್ನೇ ಮೂರು ಸಲ ಬರೆದರೆ ಮೊದಲನೆಯದಷ್ಟೇ ಉಳಿಯುತ್ತದೆ, ಉಳಿದೆರಡನ್ನು ಬ್ರೌಸರ್ ಬಿಟ್ಟುಬಿಡುತ್ತದೆ. ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆದರೂ ಒಂದೇ. "ಹರಕೆ ಆಟ" ಎಂದರೂ "ಆಟ ಹರಕೆ" ಎಂದರೂ ಫಲಿತಾಂಶ ಬದಲಾಗದು. ಒಂದೇ ತೂಕದ ಎರಡು ನಿಯಮಗಳು ಜಗಳಕ್ಕೆ ಬಿದ್ದರೆ ಗೆಲ್ಲುವುದು, ಪುಟದ ಬಣ್ಣ, ಅಳತೆಗಳನ್ನು ಹೇಳುವ ಸಿಎಸ್‌ಎಸ್ ಫೈಲಿನಲ್ಲಿ ಕೆಳಗೆ ಬರೆದ ನಿಯಮ. ಇದನ್ನು ತಿಳಿಯದೆ ಕ್ಲಾಸಿನ ಕ್ರಮ ಅದಲುಬದಲು ಮಾಡುತ್ತಾ ಗಂಟೆಗಟ್ಟಲೆ ಕುಳಿತವರಿದ್ದಾರೆ.

ಹೆಸರು ಇಡುವಾಗ ಅದು ಏನು ಎಂದು ಹೇಳಿ, ಹೇಗೆ ಕಾಣುತ್ತದೆ ಎಂದಲ್ಲ. ನಿಂತುಹೋದ ಆಟಕ್ಕೆ "ಕೆಂಪು" ಎಂದು ಕ್ಲಾಸ್ ಕೊಟ್ಟೆವು ಎಂದುಕೊಳ್ಳಿ. ಕೆಂಪು ಬಣ್ಣ ಪ್ರಸಂಗದ ಹೆಸರಿಗೂ ಇದೆ, ಬೇಡ, ಇದನ್ನು ಬೂದು ಮಾಡಿ ಎಂದು ಮೇಳದವರು ನಾಳೆ ಹೇಳಿದರೆ ಕೆಂಪು ಎಂಬ ಹೆಸರಿನ ಕ್ಲಾಸಿನೊಳಗೆ ಬೂದು ಬಣ್ಣ ಕೂರುತ್ತದೆ. "ರದ್ದು" ಎಂದಿದ್ದರೆ ಬಣ್ಣ ಯಾವುದಾದರೂ ಹೆಸರು ಸತ್ಯವಾಗಿಯೇ ಇರುತ್ತದೆ. ಕಾರ್ಡಿನೊಳಗೆ "ರದ್ದಾಗಿದೆ" ಎಂದು ಅಕ್ಷರದಲ್ಲೂ ಬರೆಯಿರಿ. ಬಣ್ಣ ಕಾಣದವರಿಗೂ, ಪುಟವನ್ನು ಓದಿಸಿಕೊಂಡು ಕೇಳುವವರಿಗೂ ಕ್ಲಾಸಿನ ಬಣ್ಣ ಏನನ್ನೂ ಹೇಳುವುದಿಲ್ಲ.

ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆಟಕ್ಕೆ ಸಹಾಯ ಮಾಡಿದವರ ಹೆಸರಿನ ಚೌಕಕ್ಕೆ "ಆ್ಯಡ್-ಬ್ಯಾನರ್" ಎಂಬಂಥ ಕ್ಲಾಸ್ ಇಡಬೇಡಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ಗಳು ಇಂಥ ಹೆಸರುಗಳ ದೊಡ್ಡ ಪಟ್ಟಿಯನ್ನೇ ಇಟ್ಟುಕೊಂಡು ಎಲಿಮೆಂಟುಗಳನ್ನು ಮರೆಮಾಡುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ಚೌಕ ಕಾಣುತ್ತದೆ, ದುಡ್ಡು ಕೊಟ್ಟವರ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ.

ನಮ್ಮ ಊರಿನ ಪುಟಗಳಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ ಸಾಲುಗಳು ಬರುವುದು ಸಾಮಾನ್ಯ. ಅವಕ್ಕೆ "ತುಳು" ಎಂದು ಕ್ಲಾಸ್ ಕೊಡುವ ಬದಲು ಲ್ಯಾಂಗ್ ಆಟ್ರಿಬ್ಯೂಟ್ ಬಳಸಿ. ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ, ಕೊಂಕಣಿಗೆ ಕೆಒಕೆ. ಸಿಎಸ್‌ಎಸ್‌ನಲ್ಲಿ ಲ್ಯಾಂಗ್ ಹಿಡಿದೇ ಫಾಂಟು, ಸಾಲಿನ ಎತ್ತರ ಎಲ್ಲವನ್ನೂ ಹೊಂದಿಸಬಹುದು. ಓದಿ ಹೇಳುವ ತಂತ್ರಾಂಶಕ್ಕೂ ಯಾವ ಭಾಷೆಯ ಧ್ವನಿ ಬೇಕು ಎಂದು ಗೊತ್ತಾಗುತ್ತದೆ. ಆ ಕೆಲಸ ಕ್ಲಾಸಿನಿಂದ ಆಗದು.

ಐಡಿ ಕೊಡುವ ಮುಂಚೆ ಒಂದು ಪ್ರಶ್ನೆ

ಇದನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಉತ್ತರ ಇದ್ದರೆ ಐಡಿ ಕೊಡಿ, ಇಲ್ಲದಿದ್ದರೆ ಬೇಡ. ಹುಡುಕಿಕೊಂಡು ಬರುವವರು ಕೆಲವೇ ಮಂದಿ: ಪುಟದೊಳಗಿನ ಜಾಗಕ್ಕೆ ಬರುವ ಲಿಂಕು, ಫಾರ್ಮಿನ ಲೇಬಲ್ಲು, ಓದಿ ಹೇಳುವ ತಂತ್ರಾಂಶಕ್ಕೆ ಸುಳಿವು ಕೊಡುವ ಏರಿಯಾ (ARIA) ಆಟ್ರಿಬ್ಯೂಟುಗಳು, ಒಂದೇ ಒಂದು ಎಲಿಮೆಂಟ್ ಬೇಕಾದ ಸ್ಕ್ರಿಪ್ಟು.

ನಮ್ಮ ಕಾರ್ಡಿಗೆ ವಾಟ್ಸಾಪ್ ಲಿಂಕು ಬರುತ್ತದೆ, ಹಾಗಾಗಿ ಐಡಿ ಬೇಕೇ ಬೇಕು. ಯಾವ ಹೆಸರು? ಆಟ-1, ಆಟ-2 ಎಂದು ಸರಣಿ ಸಂಖ್ಯೆ ಕೊಡುವುದು ಸುಲಭ ಎನಿಸುತ್ತದೆ. ಆದರೆ ತಿಂಗಳ ಮಧ್ಯೆ ಹೊಸ ಆಟವೊಂದು ನಿಗದಿಯಾದರೆ ಅದರ ಮುಂದಿನವೆಲ್ಲ ಒಂದೊಂದು ಸ್ಥಾನ ಜಾರುತ್ತವೆ, ಆಗಲೇ ಹಂಚಿದ ಲಿಂಕುಗಳು ಪಕ್ಕದ ಆಟಕ್ಕೆ ಹೋಗುತ್ತವೆ. ತಾರೀಕು ಜಾರುವುದಿಲ್ಲ. ಅದನ್ನೇ ಹಿಡಿದೆ. ಅಷ್ಟರಲ್ಲಿ ಇನ್ನೊಂದು ತೊಡಕು ನೆನಪಾಯಿತು. ಒಂದೇ ಮೇಳದ ಹೆಸರಿನಲ್ಲಿ ಎರಡು ಮೂರು ತಂಡಗಳು ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಡುವುದುಂಟು. ಬರೀ ತಾರೀಕು ಹಾಕಿದರೆ ಮತ್ತೆ ಎರಡು ಐಡಿ ಒಂದೇ ಆಗುತ್ತದೆ. ಕೊನೆಗೆ ನಿಂತದ್ದು ಹೀಗೆ:

<ಆರ್ಟಿಕಲ್ ಐಡಿ="ಆಟ-01-12-ಮೇಳ2" ಕ್ಲಾಸ್="ಆಟ ಕಾಲಮಿತಿ ಹರಕೆ">

ಜನವರಿ 12, ಎರಡನೇ ಮೇಳ. ಮುಂದೆ "ಆಟ" ಎಂಬ ಪದ ಯಾಕೆ ಎಂದರೆ, ಅಂಕೆಯಿಂದ ಶುರುವಾಗುವ ಐಡಿ ಎಚ್‌ಟಿಎಂಎಲ್‌ನಲ್ಲಿ ತಪ್ಪಲ್ಲದಿದ್ದರೂ ಸಿಎಸ್‌ಎಸ್‌ನಲ್ಲಿ ಹ್ಯಾಶ್ ಚಿಹ್ನೆಯ ಮುಂದೆ ಹಾಗೆಯೇ ಬರೆದರೆ ನಡೆಯುವುದಿಲ್ಲ. 1999ರ ಎಚ್‌ಟಿಎಂಎಲ್ 4.01ರಲ್ಲಿ ಐಡಿ ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕಿತ್ತು. 2014ರಲ್ಲಿ ಮಾನ್ಯವಾದ ಎಚ್‌ಟಿಎಂಎಲ್5 ಅದನ್ನು ಸಡಿಲಿಸಿ, ಒಂದಾದರೂ ಅಕ್ಷರ ಇರಲಿ, ನಡುವೆ ಖಾಲಿ ಜಾಗ ಬೇಡ ಎಂದಷ್ಟೇ ಉಳಿಸಿಕೊಂಡಿತು. ಖಾಲಿ ಜಾಗದ ಬದಲು ಅಡ್ಡಗೆರೆ ಹಾಕಿ. ಇಂಗ್ಲಿಷ್ ಅಕ್ಷರ ಬಳಸುವುದಾದರೆ ಎಲ್ಲ ಕಡೆ ಚಿಕ್ಕ ಅಕ್ಷರವನ್ನೇ ಬಳಸಿ, ದೊಡ್ಡ ಅಕ್ಷರ ಬಂದರೆ ಅದು ಬೇರೆಯೇ ಹೆಸರು.

ಲಿಂಕಿನ ಕೊನೆಗೆ ಹ್ಯಾಶ್ ಹಾಕಿ ಈ ಐಡಿ ಸೇರಿಸಿದರೆ ಪುಟ ನೇರ ಆ ಕಾರ್ಡಿಗೆ ಜಾರುತ್ತದೆ. ಆದರೆ ನಮ್ಮ ಪುಟದ ಮೇಲ್ಭಾಗದಲ್ಲಿ ಮೇಳದ ಹೆಸರಿನ ಪಟ್ಟಿ ಯಾವಾಗಲೂ ಅಂಟಿಕೊಂಡು ನಿಲ್ಲುತ್ತಿತ್ತು, ಕಾರ್ಡಿನ ತಾರೀಕು ಅದರ ಅಡಿಗೆ ಹೋಗಿ ಕೂತಿತು. ಆಟ ಎಂಬ ಕ್ಲಾಸಿಗೆ ಸ್ಕ್ರೋಲ್-ಮಾರ್ಜಿನ್-ಟಾಪ್ ಎಂಬ ಗುಣ ಕೊಟ್ಟು, ಮೇಲಿನ ಪಟ್ಟಿಯ ಎತ್ತರಕ್ಕಿಂತ ಸ್ವಲ್ಪ ಹೆಚ್ಚು ಅಳತೆ ಹಾಕಿದೆ, ಸರಿಯಾಯಿತು. ಜೊತೆಗೆ ಟಾರ್ಗೆಟ್ ಎಂಬ ಸೂಡೋ ಕ್ಲಾಸ್, ಅಂದರೆ ನಾವು ಬರೆಯದೆ ಬ್ರೌಸರೇ ಹಚ್ಚುವ ಕ್ಲಾಸಿನಂಥದ್ದನ್ನು ಬಳಸಿ, ಲಿಂಕಿನಿಂದ ತಲುಪಿದ ಕಾರ್ಡಿಗೆ ಮಾತ್ರ ತೆಳು ಹಳದಿ ಹಿನ್ನೆಲೆ ಕೊಟ್ಟೆ. ಮೂವತ್ತು ಕಾರ್ಡುಗಳ ನಡುವೆ ತಮ್ಮ ಮನೆಯ ಆಟ ಯಾವುದು ಎಂದು ವಯಸ್ಸಾದವರು ಹುಡುಕಬೇಕಾಗಿಲ್ಲ. ನೋಡಿ, ಗುರುತು ಹಿಡಿದದ್ದು ಐಡಿ, ಅಲಂಕಾರ ಮಾಡಿದ್ದು ಕ್ಲಾಸ್.

ಫಾರ್ಮಿನಲ್ಲಿ ಐಡಿ

ಆಟ ಆಡಿಸಬೇಕೆನ್ನುವವರು ವಿಚಾರಿಸಲು ಪುಟದ ಮೇಲೊಂದು, ಕೆಳಗೊಂದು ಫಾರ್ಮ್ ಇತ್ತು. ಕೆಳಗಿನದು ಮೇಲಿನದರ ಕಾಪಿ. ಎರಡರಲ್ಲೂ ಮೊಬೈಲ್ ನಂಬರಿನ ಜಾಗಕ್ಕೆ ಐಡಿ "ಮೊಬೈಲ್". ಕೆಳಗಿನ ಫಾರ್ಮಿನಲ್ಲಿ "ಮೊಬೈಲ್ ನಂಬರು" ಎಂಬ ಪದದ ಮೇಲೆ ಬೆರಳಿಟ್ಟರೆ ಪುಟ ಮೇಲಕ್ಕೆ ಹಾರಿ, ಮೇಲಿನ ಫಾರ್ಮಿನಲ್ಲಿ ಕರ್ಸರ್ ಮಿನುಗುತ್ತಿತ್ತು. ಲೇಬಲ್ಲು ಯಾವ ಚೌಕದ್ದು ಎಂದು ಹೇಳುವ ಫಾರ್ ಆಟ್ರಿಬ್ಯೂಟಿಗೂ ಮೊದಲು ಸಿಕ್ಕಿದ್ದೇ ಸರಿ.

ಕಣ್ಣಿದ್ದವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಟಾಕ್‌ಬ್ಯಾಕ್ ಅಥವಾ ಎನ್‌ವಿಡಿಎ ಎಂಬ, ತೆರೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಕೆಳಗಿನ ಚೌಕದ ಹೆಸರೇ ಕೇಳಿಸದೆ "ಇಲ್ಲಿ ಬರೆಯಿರಿ" ಎಂಬಷ್ಟೇ ಕೇಳಬಹುದು. ಎಲ್ಲಿ ಏನು ಬರೆಯುವುದು? ಲೇಬಲ್ ಮತ್ತು ಐಡಿಯ ಜೋಡಿ ಸರಿಯಾಗಿದೆಯೇ ಎಂದು ನೋಡುವುದನ್ನು ನಾನು ಅಲಂಕಾರಕ್ಕಿಂತ ಮುಂಚಿನ ಕೆಲಸ ಎಂದು ಎಣಿಸುತ್ತೇನೆ. ಮೇಲಿನದಕ್ಕೆ "ಮೇಲೆ-ಮೊಬೈಲ್", ಕೆಳಗಿನದಕ್ಕೆ "ಕೆಳಗೆ-ಮೊಬೈಲ್" ಎಂದು ಐಡಿ ಕೊಟ್ಟು, ಆಯಾ ಲೇಬಲ್ಲಿನ ಫಾರ್‌ನಲ್ಲಿ ಅದನ್ನೇ ಬರೆಯಿರಿ. ತಪ್ಪು ನಂಬರು ಹಾಕಿದಾಗ ಬರುವ ಸೂಚನೆಯ ಸಾಲಿಗೂ ಒಂದು ಐಡಿ ಕೊಟ್ಟು, ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಚೌಕಕ್ಕೆ ಕಟ್ಟಿ.

ನೇಮ್ ಆಟ್ರಿಬ್ಯೂಟನ್ನು ಇದರ ಜೊತೆ ಕಲಸಿಕೊಳ್ಳಬೇಡಿ. ಸರ್ವರಿಗೆ ಹೋಗುವುದು ನೇಮ್, ಐಡಿ ಹೋಗುವುದಿಲ್ಲ. "ಪೂರ್ತಿ ರಾತ್ರಿ" ಮತ್ತು "ಕಾಲಮಿತಿ" ಎಂಬ ಎರಡು ರೇಡಿಯೋ ಬಟನ್‌ಗಳಿಗೆ ನೇಮ್ ಒಂದೇ ಇರಬೇಕು, ಆಗಲೇ ಒಂದನ್ನು ಆರಿಸಿದರೆ ಇನ್ನೊಂದು ಬಿಡುತ್ತದೆ. ಐಡಿ ಮಾತ್ರ ಬೇರೆ ಬೇರೆ.

ಬಣ್ಣ ಹತ್ತದ ಕಷ್ಟ

ಐಡಿ ಹಿಡಿದು ಸಿಎಸ್‌ಎಸ್ ಬರೆಯಬಾರದೇ? ಬರೆಯಬಹುದು, ಬ್ರೌಸರ್ ಒಪ್ಪುತ್ತದೆ. ಆದರೂ ಬೇಡ ಎನ್ನುತ್ತೇನೆ. ಮೊದಲ ಪುಟದಲ್ಲಿ ಇಡೀ ಪಟ್ಟಿಗೆ "ಪಟ್ಟಿ" ಎಂಬ ಐಡಿ ಇತ್ತು. ಊರಿನ ಹೆಸರಿಗೆ ಬಣ್ಣ ಕೊಡಲು ಹೀಗೆ ಬರೆದಿದ್ದೆ (ಹ್ಯಾಶ್ ಎಂದರೆ ಐಡಿ, ಚುಕ್ಕಿ ಎಂದರೆ ಕ್ಲಾಸ್):

#ಪಟ್ಟಿ .ಊರು

ಆಮೇಲೆ ರದ್ದಾದ ಆಟದ ಊರಿನ ಹೆಸರು ಬೂದಾಗಲಿ ಎಂದು ಫೈಲಿನ ಕೊನೆಯಲ್ಲಿ ಹೀಗೆ ಬರೆದೆ:

.ಆಟ.ರದ್ದು .ಊರು

ಬೂದು ಆಗಲಿಲ್ಲ. ನಿಯಮ ಯಾವುದಕ್ಕೆ ಎಂದು ಹೇಳುವ ಇಂಥ ಸಾಲಿಗೆ ಸೆಲೆಕ್ಟರ್ ಎನ್ನುತ್ತಾರೆ. ಅದರ ತೂಕವನ್ನು ಮೂರು ಮನೆಗಳಲ್ಲಿ ಲೆಕ್ಕ ಹಾಕುತ್ತಾರೆ. ಮೊದಲ ಮನೆ ಐಡಿಗಳದ್ದು, ಎರಡನೆಯದು ಕ್ಲಾಸ್‌ಗಳದ್ದು, ಮೂರನೆಯದು ಟ್ಯಾಗುಗಳದ್ದು. ಮೊದಲ ನಿಯಮದಲ್ಲಿ ಒಂದು ಐಡಿ, ಒಂದು ಕ್ಲಾಸ್: 1, 1, 0. ಎರಡನೆಯದರಲ್ಲಿ ಮೂರು ಕ್ಲಾಸ್: 0, 3, 0. ಹೋಲಿಕೆ ಎಡದ ಮನೆಯಿಂದಲೇ ಶುರು. ಅಲ್ಲಿ 1 ಮತ್ತು 0 ಎಂದು ಕಂಡ ಕೂಡಲೇ ತೀರ್ಮಾನ ಆಗಿಹೋಯಿತು, ಮುಂದಿನ ಮನೆ ನೋಡುವುದೇ ಇಲ್ಲ. ಹನ್ನೊಂದು ಕ್ಲಾಸ್ ಪೋಣಿಸಿದರೂ ಒಂದು ಐಡಿಯನ್ನು ದಾಟಲಾಗದು. ಫೈಲಿನಲ್ಲಿ ಕೆಳಗಿರುವುದು ಗೆಲ್ಲುತ್ತದೆ ಎಂಬ ಮಾತು ತೂಕ ಸಮ ಆದಾಗ ಮಾತ್ರ.

ಆಗ ಕೈ ಹೋಗುವುದು ತೂಕದ ಲೆಕ್ಕವನ್ನೇ ಮೀರಿ ಗೆಲ್ಲಿಸುವ ಇಂಪಾರ್ಟೆಂಟ್ ಎಂಬ ಪದದ ಕಡೆಗೆ. ಹಾಕಿದ ಕೂಡಲೇ ಬೂದು ಬಂತು, ನಿಜ. ವಾರ ಕಳೆದು ಹರಕೆ ಆಟಗಳಿಗೆ ಬೇರೆ ಬಣ್ಣ ಬೇಕಾದಾಗ ಅಲ್ಲೂ ಇಂಪಾರ್ಟೆಂಟ್ ಹಾಕಬೇಕಾಯಿತು. ಫೋನಿನ ಪರದೆಗೆ ಬರೆದ ನಿಯಮಕ್ಕೂ ಹಾಗೆಯೇ. ತಿಂಗಳೊಳಗೆ ಯಾವುದನ್ನು ಮುಟ್ಟಿದರೆ ಏನಾಗುತ್ತದೆ ಎಂದು ಹೇಳಲಾಗದ ಸ್ಥಿತಿಗೆ ಬಂದಿತ್ತು. ಹೊಸ ಪುಟದಲ್ಲಿ ಪಟ್ಟಿಗೆ "ಆಟಪಟ್ಟಿ" ಎಂಬ ಕ್ಲಾಸ್ ಕೊಟ್ಟು, ಸಿಎಸ್‌ಎಸ್ ಫೈಲಿನಿಂದ ಹ್ಯಾಶ್‌ನಿಂದ ಶುರುವಾಗುವ ಸೆಲೆಕ್ಟರ್‌ಗಳನ್ನು ಪೂರ್ತಿ ತೆಗೆದೆ. ಇಂಪಾರ್ಟೆಂಟ್‌ಗಳೆಲ್ಲ ತಾವಾಗಿಯೇ ಬೇಡವಾದವು.

ಬೇರೆಯವರು ಬರೆದ ಎಚ್‌ಟಿಎಂಎಲ್‌ನಲ್ಲಿ ಬರೀ ಐಡಿ ಇದ್ದು, ಮುಟ್ಟುವ ಹಾಗೆ ಇಲ್ಲದಿದ್ದರೆ ಚೌಕ ಆವರಣದಲ್ಲಿ [ಐಡಿ="ಪಟ್ಟಿ"] ಎಂದು ಬರೆಯಿರಿ. ಹಿಡಿಯುವುದು ಅದೇ ಎಲಿಮೆಂಟನ್ನು, ತೂಕ ಮಾತ್ರ ಕ್ಲಾಸಿನಷ್ಟೇ.

ಸ್ಕ್ರಿಪ್ಟ್ ಬರೆಯುವವರಿಗೆ ಎರಡು ಮಾತು. ಆಟ ರದ್ದಾಯಿತು ಎಂದು ತೋರಿಸಲು ಕ್ಲಾಸ್‌ಲಿಸ್ಟ್ ಬಳಸಿ, ಅದರ ಆ್ಯಡ್, ರಿಮೂವ್ ಸಾಕು. ಕ್ಲಾಸ್‌ನೇಮ್‌ಗೆ ನೇರ "ರದ್ದು" ಎಂದು ತುಂಬಿದರೆ ಮೊದಲಿದ್ದ ಆಟ, ಕಾಲಮಿತಿ, ಹರಕೆ ಮೂರೂ ಅಳಿಸಿಹೋಗಿ ಕಾರ್ಡು ಬೋಳಾಗುತ್ತದೆ. ಇನ್ನೊಂದು, ಕೊಟ್ಟ ಪ್ರತಿ ಐಡಿಯೂ ಬ್ರೌಸರಿನ ವಿಂಡೋ ಆಬ್ಜೆಕ್ಟಿನ ಮೂಲಕ ಸ್ಕ್ರಿಪ್ಟಿಗೆ ಸಿಗುತ್ತದೆ. ಅದನ್ನು ನಂಬಿ ಬರೆಯಬೇಡಿ. ಅದೇ ಹೆಸರಿನ ವೇರಿಯೇಬಲ್ ಬಂದರೆ ಇದು ಮರೆಯಾಗುತ್ತದೆ.

ಕನ್ನಡದಲ್ಲೇ ಹೆಸರಿಡಬಹುದೇ?

ಇಡಬಹುದು. ಇಲ್ಲಿ ಬರೆದಿರುವ ಆಟ, ರದ್ದು, ಊರು ಎಂಬವೆಲ್ಲ ಕನ್ನಡ ಅಕ್ಷರಗಳಲ್ಲೇ ಐಡಿಗೂ ಕ್ಲಾಸಿಗೂ ನಡೆಯುತ್ತವೆ, ಸಿಎಸ್‌ಎಸ್‌ನಲ್ಲೂ ನಡೆಯುತ್ತವೆ. ಕ್ಲಾಸಿಗೆ ಕನ್ನಡ ಹೆಸರಿಟ್ಟರೆ ಕಲಿಯುವ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ನನಗೆ ಅದು ಇಷ್ಟ.

ಹಂಚುವ ಐಡಿಗೆ ಮಾತ್ರ ಇಂಗ್ಲಿಷ್ ಅಕ್ಷರ ಬಳಸುತ್ತೇನೆ, ಮೇಲಿನ ಕಾರ್ಡಿನ ಐಡಿಯನ್ನು ಕನ್ನಡದಲ್ಲಿ ತೋರಿಸಿದ್ದು ಇಲ್ಲಿ ಓದಲು ಸುಲಭವಾಗಲಿ ಎಂದು. "ಕೋಟ" ಎಂಬ ಪುಟ್ಟ ಹೆಸರನ್ನೇ ನೋಡಿ. ಲಿಂಕನ್ನು ಕಾಪಿ ಮಾಡಿದಾಗ ಬ್ರೌಸರ್ ಅದನ್ನು ಶೇಕಡಾ ಚಿಹ್ನೆಗಳ ಸಾಲಾಗಿ ಬದಲಾಯಿಸುತ್ತದೆ. ಕ, ಓತ್ವ, ಟ ಎಂಬ ಮೂರು ಯೂನಿಕೋಡ್ ಘಟಕಗಳು, ಒಂದೊಂದಕ್ಕೂ ಒಂಬತ್ತು ಚಿಹ್ನೆ, ಒಟ್ಟು 27. "ಸಾಲಿಗ್ರಾಮ" ಎಂದರೆ ಇನ್ನೂ ಉದ್ದ. ವಾಟ್ಸಾಪ್‌ನಲ್ಲಿ ಅಂಥ ಲಿಂಕ್ ಕಂಡವರು ವೈರಸ್ ಇರಬಹುದೆಂದು ಹೆದರಿ ಒತ್ತುವುದೇ ಇಲ್ಲ.

ಇನ್ನೊಂದು ಕಷ್ಟ ಕಣ್ಣಿಗೆ ಕಾಣದ್ದು. "ಕೋ" ಎಂಬುದನ್ನು ಒಂದೇ ಓತ್ವದ ಚಿಹ್ನೆಯಾಗಿಯೂ ಎತ್ವ, ಕೊಂಬು, ದೀರ್ಘ ಎಂದು ಬಿಡಿಬಿಡಿಯಾಗಿಯೂ ಟೈಪ್ ಮಾಡಲು ಸಾಧ್ಯ. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬ್ರೌಸರಿಗೆ ಎರಡು ಬೇರೆ ಹೆಸರುಗಳು. ಒತ್ತಕ್ಷರ ಬೇಡವೆಂದು ನಾವು ನಡುವೆ ಹಾಕುವ ಅದೃಶ್ಯ ಚಿಹ್ನೆಯದ್ದೂ ಇದೇ ಕತೆ. ಒಂದು ಕೀಬೋರ್ಡಿನಲ್ಲಿ ಎಚ್‌ಟಿಎಂಎಲ್, ಇನ್ನೊಂದರಲ್ಲಿ ಸಿಎಸ್‌ಎಸ್ ಬರೆದರೆ ಎರಡು ಕಡೆಯ ಹೆಸರು ಹೊಂದದೆ ಹೋಗಬಹುದು. ಕನ್ನಡದ ಹೆಸರನ್ನು ಒಮ್ಮೆ ಟೈಪ್ ಮಾಡಿ, ಉಳಿದ ಕಡೆಗೆಲ್ಲ ಅದನ್ನೇ ಕಾಪಿ ಮಾಡಿ.

ಪುಟ ಹಾಕುವ ಮುಂಚೆ

ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ವ್ಯಾಲಿಡೇಟರಿಗೆ, ಅಂದರೆ ತಪ್ಪು ಹುಡುಕುವ ಸಾಧನಕ್ಕೆ, ಪುಟವನ್ನು ಕೊಡಿ. ಒಂದೇ ಐಡಿ ಎರಡು ಸಲ ಬಂದಿದ್ದರೆ ಯಾವ ಸಾಲಿನಲ್ಲಿ ಎಂದು ಅದು ತೋರಿಸುತ್ತದೆ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಎಲಿಮೆಂಟ್ಸ್ ಎಂಬಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಹುಡುಕುವ ಚೌಕ ಬರುತ್ತದೆ. ಹ್ಯಾಶ್ ಹಾಕಿ ಐಡಿಯ ಹೆಸರು ಬರೆಯಿರಿ. ಒಂದರಲ್ಲಿ ಒಂದು ಎಂದು ಬರಬೇಕು. ನನ್ನ ಹಳೆಯ ಪುಟದಲ್ಲಿ ಹೀಗೆ ನೋಡಿದ್ದರೆ ಮೂವತ್ತರಲ್ಲಿ ಒಂದು ಎಂದು ಅಲ್ಲೇ ಗೊತ್ತಾಗುತ್ತಿತ್ತು. ಒಂದೇ ಎಸ್‌ವಿಜಿ (ಕೋಡಿನಲ್ಲೇ ಬರೆದ) ಚಿತ್ರವನ್ನು ಪುಟದೊಳಗೆ ಎರಡು ಕಡೆ ಅಂಟಿಸಿದ್ದರೆ ಅದರ ಒಳಗೂ ಇಣುಕಿ. ಬಣ್ಣದ ಗ್ರೇಡಿಯಂಟುಗಳಿಗೆ ಚಿತ್ರದ ತಂತ್ರಾಂಶವೇ ಕೊಟ್ಟ ಐಡಿಗಳು ಅಲ್ಲಿ ಸದ್ದಿಲ್ಲದೆ ಎರಡಾಗಿರುತ್ತವೆ.

ಕೊನೆಗೆ ಫೋನಿನಲ್ಲಿ ತಿಂಗಳ ಕೊನೆಯ ಆಟದ ಲಿಂಕನ್ನು ನಿಮಗೆ ನೀವೇ ಕಳಿಸಿಕೊಂಡು ಒತ್ತಿ ನೋಡಿ. ಮೊದಲ ಆಟದ ಲಿಂಕು ಐಡಿ ತಪ್ಪಿದ್ದರೂ ಸರಿಯಾಗಿ ಕಾಣಬಹುದು, ಪರೀಕ್ಷೆಗೆ ಕೊನೆಯದೇ ಬೇಕು.

ಮೇಳಗಳು ಆಟ ನಿಲ್ಲಿಸುವ ದಿನವಾದ ಪತ್ತನಾಜೆಗೆ ತಿರುಗಾಟ ಮುಗಿದ ಮೇಲೆ ಮೇಳದವರು ಹಳೆಯ ಕಾರ್ಡುಗಳನ್ನು ಅಳಿಸಲು ಹೇಳಿದರು. ಐಡಿ ಇಲ್ಲದ ಜಾಗಕ್ಕೆ ಲಿಂಕು ಬಂದರೆ ಬ್ರೌಸರ್ ಏನೂ ಹೇಳದೆ ಪುಟದ ತಲೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಕಾರ್ಡಿನ ಒಳಗಿನದ್ದನ್ನು ಚಿಕ್ಕದು ಮಾಡಿ, "ಮುಗಿದಿದೆ" ಎಂಬ ಕ್ಲಾಸ್ ಸೇರಿಸಿ, ಐಡಿಗಳನ್ನು ಇದ್ದಲ್ಲೇ ಬಿಟ್ಟೆ. ಬೊಂಬಾಯಿಯ ಆ ಮಗ ತನ್ನ ಹಳೆಯ ಮೆಸೇಜು ತೆರೆದರೆ ಈಗಲೂ ತನ್ನ ಅಪ್ಪ ಆಡಿಸಿದ ಆಟದ ತಾರೀಕು, ಊರು, ಪ್ರಸಂಗ ಹಳದಿ ಹಿನ್ನೆಲೆಯಲ್ಲಿ ಕಾಣುತ್ತದೆ.